ಮಗ್ಗದ ಮಜೂರಿ, ಮಾತಿನ ಬೋನಸ್ಸು

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಎಂದರೆ, ಆ ಹೆಸರನ್ನು ಬೇರೆ ಊರಿನ ಸೀರೆಗೆ ಹಚ್ಚಿ ಮಾರುವಂತಿಲ್ಲ ಎಂದು ಕಾನೂನು ಕಾವಲು ನಿಂತಿದೆ. ಆದರೆ ಅದೇ ಸೀರೆಯನ್ನು ನೇಯ್ದ ಕೂಲಿ ನೇಕಾರರಿಗೆ, ಹಬ್ಬಕ್ಕೆ ಕೊಡುತ್ತೇನೆಂದು ಮಾಲೀಕರು ಒಪ್ಪಿಕೊಂಡಿದ್ದ ಬೋನಸ್ಸು ಕೈಸೇರದೆ ಹೋದಾಗ ಯಾವ ಕಚೇರಿಗೆ ಹೋಗಬೇಕು, ಯಾವ ಕಾಗದವನ್ನು ತೋರಿಸಬೇಕು ಎಂಬುದಕ್ಕೆ ಅಷ್ಟು ಸಲೀಸಾದ ಉತ್ತರವಿಲ್ಲ. ಏಕೆಂದರೆ ಬೋನಸ್ಸು ಬಾಕಿಯಿದೆಯೇ ಎಂಬ ಪ್ರಶ್ನೆಗಿಂತ ಮೊದಲೇ, ಆ ನೇಕಾರರು ಯಾರ ನೌಕರರು ಎಂಬುದು ತಕರಾರಿಗೆ ಬೀಳುತ್ತದೆ.

ಈ ತೊಡಕಿನ ಬೇರು ಕಸುಬಿನ ಏರ್ಪಾಟಿನಲ್ಲಿಯೇ ಇದೆ. ಬಂಡವಾಳ ಹೂಡುವ ಮಾಲೀಕರು ಬಣ್ಣ ಹಾಕಿಸಿದ ರೇಷ್ಮೆಯ ಹಾಸು, ಹೊಕ್ಕು ಮತ್ತು ಜರಿಯನ್ನು ತೂಗಿ ಕೊಡುತ್ತಾರೆ; ನೇಕಾರರು ತಮ್ಮ ಮನೆಯ ಕುಣಿಮಗ್ಗದಲ್ಲಿ, ಕಾಲು ಕುಣಿಯೊಳಗಿಟ್ಟು, ಹೇಳಿದ ವಿನ್ಯಾಸದ ಸೀರೆಯನ್ನು ನೇಯ್ದು ಒಪ್ಪಿಸುತ್ತಾರೆ; ಸೀರೆಗಿಷ್ಟು ಎಂಬ ಲೆಕ್ಕದಲ್ಲಿ ಮಜೂರಿ ಜಮೆಯಾಗುತ್ತದೆ. ತಿಂಗಳ ಸಂಬಳದ ಚೀಟಿಯಾಗಲಿ ಹಾಜರಿ ಪುಸ್ತಕವಾಗಲಿ ನೇಮಕಾತಿ ಪತ್ರವಾಗಲಿ ಈ ವ್ಯವಹಾರದಲ್ಲಿ ಕಾಣಸಿಗುವುದು ಅಪರೂಪ. ಇರುವುದು ಒಂದು ಲೆಕ್ಕದ ಪುಸ್ತಕ: ಕೊಟ್ಟ ರೇಷ್ಮೆಯ ತೂಕ, ಜರಿ, ಬಂದ ಸೀರೆ, ಸಂದ ಮಜೂರಿ, ಉಳಿದ ಮುಂಗಡ. ಮದುವೆಗೋ ಆಸ್ಪತ್ರೆಗೋ ಪಡೆದ ಮುಂಗಡ ಸಾಲವು ಆ ಪುಸ್ತಕದ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಸಾಗುತ್ತಲೇ ಇರುತ್ತದೆ.

ಬೋನಸ್ ಎಂಬ ಒಂದೇ ಪದದೊಳಗೆ ಬೇರೆ ಬೇರೆ ಹಕ್ಕುಗಳು ಅಡಗಿವೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಶಾಸನವೇ ವಿಧಿಸಿದ ಬೋನಸ್ಸು ಮೊದಲನೆಯದು. 1965ರ ಬೋನಸ್ ಪಾವತಿ ಕಾಯ್ದೆಯು ಕಾರ್ಖಾನೆಗಳಿಗೂ, 20 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಇತರ ಸಂಸ್ಥೆಗಳಿಗೂ ಅನ್ವಯಿಸುವಂತೆ ಅದನ್ನು ಜಾರಿಗೆ ತಂದಿತು. ಮಾಲೀಕರೂ ದುಡಿಯುವವರೂ ಮಾತಾಡಿ ಒಪ್ಪಿಕೊಂಡದ್ದು ಕರಾರಿನ ಬೋನಸ್ಸು. ಯಾರೂ ಬಾಯಿಬಿಟ್ಟು ಒಪ್ಪದಿದ್ದರೂ ವರ್ಷಾನುಗಟ್ಟಲೆ ತಪ್ಪದೆ ಕೊಟ್ಟು ರೂಢಿಯಾದದ್ದು ವಾಡಿಕೆಯ ಬೋನಸ್ಸು. ಇವೆಲ್ಲಕ್ಕೂ ಹೊರತಾದದ್ದು, ಸಂತೋಷಕ್ಕೆ ಕೊಟ್ಟ ಇನಾಮು. ಅದನ್ನು ಕೇಳಿ ಪಡೆಯುವ ಹಕ್ಕು ಯಾರಿಗೂ ಇಲ್ಲ. ಬೋನಸ್ಸಿನ ವ್ಯಾಜ್ಯಗಳಲ್ಲಿ ಬಹಳಷ್ಟು ಹುಟ್ಟುವುದು, ಒಂದು ಕಡೆಯವರು ಕರಾರು ಎಂದುಕೊಂಡದ್ದನ್ನು ಇನ್ನೊಂದು ಕಡೆಯವರು ಇನಾಮು ಎಂದು ಕರೆದಾಗ.

ಈ ಹಗ್ಗಜಗ್ಗಾಟದ ಆರಂಭದ ಅಧ್ಯಾಯಗಳಲ್ಲೊಂದು ನೇಕಾರರದೇ. 1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂದಾಗ, ಊರು ಬಿಟ್ಟು ಹೋಗದಂತೆ ತಡೆಯಲು ಗಿರಣಿ ಮಾಲೀಕರು ನೇಕಾರರಿಗೆ ಮಜೂರಿಯ ಮೇಲೆ ದೊಡ್ಡ ಮೊತ್ತದ ಪ್ಲೇಗ್ ಬೋನಸ್ ಕೊಟ್ಟರು. ರೋಗ ಇಳಿದ ಮೇಲೆ ಅದನ್ನು ಹಿಂತೆಗೆದುಕೊಂಡರು. ಆದರೆ ಅಷ್ಟರಲ್ಲಿ ಯುದ್ಧಕಾಲದ ಬೆಲೆಯೇರಿಕೆಯಿಂದಾಗಿ ಆ ಬೋನಸ್ಸು ಹೊಟ್ಟೆಪಾಡಿನ ಭಾಗವೇ ಆಗಿಹೋಗಿತ್ತು. ನೇಕಾರರು ಶೇ. 50ರಷ್ಟು ಹೆಚ್ಚಳ ಕೇಳಿದರು, ಮಾಲೀಕರು ಶೇ. 20 ಎಂದರು, ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಅವರ ಮುಂದಾಳುತನದಲ್ಲಿ ಬೇಡಿಕೆ ಶೇ. 35ಕ್ಕೆ ನಿಂತು, 1918ರ ಮಾರ್ಚ್ ತಿಂಗಳಲ್ಲಿ ಗಾಂಧೀಜಿಯ ಉಪವಾಸದ ನಂತರ ವಿಷಯವು ಮಧ್ಯಸ್ಥಿಕೆಗೆ ಹೋಯಿತು. ಮುಂಬಯಿಯಲ್ಲಿ ಮಾತ್ರ 1924ರಲ್ಲಿ ನ್ಯಾಯಮೂರ್ತಿ ನಾರ್ಮನ್ ಮ್ಯಾಕ್ಲಿಯಾಡ್ ಅವರ ಸಮಿತಿಯು, ಬೋನಸ್ಸಿನ ಮೇಲೆ ಕಾರ್ಮಿಕರಿಗೆ ಜಾರಿ ಮಾಡಿಸಿಕೊಳ್ಳಬಹುದಾದ ಯಾವ ಹಕ್ಕೂ ಇಲ್ಲವೆಂದು ಹೇಳಿಬಿಟ್ಟಿತು. ಆ ಮಾತು ಅಳಿಸಿ, ಲಾಭವಿರಲಿ ನಷ್ಟವಿರಲಿ ಕನಿಷ್ಠ ಬೋನಸ್ಸು ಕೊಡಲೇಬೇಕೆಂಬ ನಿಯಮ ಬರಲು ನಾಲ್ಕು ದಶಕಗಳೇ ಹಿಡಿದವು.

ಈಗ ಆ ಕನಿಷ್ಠ ಮಿತಿ ಶೇ. 8.33, ಗರಿಷ್ಠ ಮಿತಿ ಶೇ. 20. ಮೊದಲನೆಯ ಅಂಕಿಯು ವಿಚಿತ್ರವಾಗಿ ತೋರಿದರೂ ಅದು ಹನ್ನೆರಡರಲ್ಲಿ ಒಂದು ಪಾಲು, ಅಂದರೆ ವರ್ಷದ ದುಡಿಮೆಗೆ ಒಂದು ತಿಂಗಳ ಮಜೂರಿ. ವರ್ಷಕ್ಕೆ 84,000 ರೂಪಾಯಿ ಮಜೂರಿಯೆಂದು ಹಿಡಿದರೆ ಸುಮಾರು 7,000 ರೂಪಾಯಿ. ಲೆಕ್ಕಪತ್ರದ ವರ್ಷದಲ್ಲಿ ಕನಿಷ್ಠ 30 ದಿನ ದುಡಿದವರಿಗೆ ಇದು ಸಲ್ಲುತ್ತದೆ ಮತ್ತು ವರ್ಷ ಮುಗಿದ 8 ತಿಂಗಳೊಳಗೆ ಪಾವತಿಯಾಗಬೇಕು. ಈ 30 ದಿನದ ನಿಯಮವು ನೆರೆಯ ಚಳ್ಳಕೆರೆಯಲ್ಲಿ ವಿಶೇಷ ಮಹತ್ವದ್ದು. ಶೇಂಗಾ ಸುಗ್ಗಿಯನ್ನು ನೆಚ್ಚಿ ನಡೆಯುವ ಎಣ್ಣೆ ಗಿರಣಿಗಳಲ್ಲಿ ಕೆಲವೇ ತಿಂಗಳು ದುಡಿದು ಹೋದವರು ಬೋನಸ್ಸಿನ ಮಾತೆತ್ತಲು ಹಿಂಜರಿಯುತ್ತಾರಾದರೂ, ಗಿರಣಿಯು ಕಾಯ್ದೆಯ ವ್ಯಾಪ್ತಿಯಲ್ಲಿದ್ದರೆ ದುಡಿದಷ್ಟು ಕಾಲದ ಪಾಲು ಅವರಿಗೆ ಬರಬೇಕಾದದ್ದೇ.

ಮಗ್ಗದ ಮನೆಗೆ ಬಂದರೆ ಕಥೆ ಬೇರೆ. ನೇಕಾರರು ನೌಕರರಲ್ಲ, ಗುತ್ತಿಗೆ ಹಿಡಿದ ಸ್ವತಂತ್ರ ಕಸುಬುದಾರರು ಎಂದು ಮಾಲೀಕರು ವಾದಿಸಬಹುದು. ನ್ಯಾಯಾಲಯಗಳು ಈ ವಾದವನ್ನು ಬೇರೆ ಕಸುಬುಗಳಲ್ಲಿ ಒರೆಗೆ ಹಚ್ಚಿ ನೋಡಿವೆ. ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ 1973ರಲ್ಲಿ ಸುಪ್ರೀಂ ಕೋರ್ಟು, ಹೊಲಿದ ಬಟ್ಟೆಗಿಷ್ಟು ಎಂಬ ಲೆಕ್ಕದಲ್ಲಿ ಕೂಲಿ ಪಡೆಯುವ ದರ್ಜಿಗಳೂ ಅಂಗಡಿಯ ನೌಕರರೇ ಎಂದಿತು. ಹೊಲಿಗೆ ಸರಿಯಿಲ್ಲವೆಂದು ತಿರುಗಿಸಿ ಮತ್ತೆ ಹೊಲಿಸುವ ಅಧಿಕಾರ ಅಂಗಡಿಯವರಿಗಿತ್ತೆಂಬುದು ಅಲ್ಲಿ ಮುಖ್ಯವಾದ ಸಂಗತಿಯಾಯಿತು. ಮನೆಯಲ್ಲೇ ಕೂತು ಬೀಡಿ ಕಟ್ಟುವವರ ಭವಿಷ್ಯನಿಧಿಯ ಪ್ರಶ್ನೆ ಬಂದಾಗಲೂ, ಸರಿಯಿಲ್ಲದ ಬೀಡಿಯನ್ನು ತಳ್ಳಿಹಾಕುವ ಹಕ್ಕನ್ನು ನಿಯಂತ್ರಣದ ಗುರುತಾಗಿ ಅದೇ ನ್ಯಾಯಾಲಯ ಪರಿಗಣಿಸಿತು. ಮೊಳಕಾಲ್ಮೂರಿನ ನೇಕಾರರಿಗೆ ಈ ತರ್ಕವು ಹೆಚ್ಚು ಹತ್ತಿರದ್ದು: ಬಣ್ಣ, ಬುಟ್ಟ, ಅಂಚಿನ ಅಳತೆ ಯಾವುದೂ ಅವರ ಆಯ್ಕೆಯಲ್ಲ, ಸೀರೆಯಲ್ಲಿ ದೋಷ ಕಂಡರೆ ಮಜೂರಿ ಮುರಿಯುವವರು ಮಾಲೀಕರು, ಸೀರೆಯನ್ನು ಹೊರಗೆ ಮಾರುವ ಹಕ್ಕೂ ನೇಕಾರರಿಗಿಲ್ಲ. ಮಗ್ಗ ಯಾರದು ಎಂಬುದನ್ನೂ ನ್ಯಾಯಾಲಯ ಕೇಳುತ್ತದೆ. ಆದರೆ ಅದೊಂದೇ ತೀರ್ಮಾನ ಮಾಡುವುದಿಲ್ಲ.

ಕರಾರು ಬಾಯಿಮಾತಿನದಾಗಿತ್ತು ಎಂಬ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ. 1872ರ ಕರಾರು ಕಾಯ್ದೆಯ ದೃಷ್ಟಿಯಲ್ಲಿ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಕಷ್ಟವಿರುವುದು ಸಾಬೀತಿನಲ್ಲಿ. ಹಾಗಾಗಿ ಲೆಕ್ಕದ ಪುಸ್ತಕದ ಪುಟ ಇಲ್ಲಿ ಕಾನೂನಿನ ಪುಸ್ತಕದಷ್ಟೇ ತೂಕದ್ದಾಗುತ್ತದೆ. ಹಿಂದಿನ ದೀಪಾವಳಿಗಳಲ್ಲಿ ‘ಹಬ್ಬಕ್ಕೆ’ ಎಂದು ಬರೆದು ಇಂತಿಷ್ಟು ಕೊಟ್ಟ ನಮೂದುಗಳು ಸಾಲಾಗಿ ಸಿಕ್ಕರೆ, ಆ ಮೊತ್ತ ಸೀರೆಗಳ ಎಣಿಕೆಗೆ ತಾಳೆಯಾಗುತ್ತಿದ್ದರೆ, ಅದು ಇನಾಮಲ್ಲ ಎನ್ನುವುದಕ್ಕೆ ಬಲ ಬರುತ್ತದೆ. 20 ಜನರಿಲ್ಲದ ಚಿಕ್ಕ ಮಾಲೀಕರ ವಿಷಯದಲ್ಲಂತೂ ಕರಾರು ಮತ್ತು ವಾಡಿಕೆಯೇ ನೇಕಾರರಿಗಿರುವ ಆಸರೆ. ಮುಂಬಯಿಯ ಸಣ್ಣ ಹಾರ್ಡ್‌ವೇರ್ ವ್ಯಾಪಾರಿಗಳ ಕಾರ್ಮಿಕರಿಗೆ ಸಂಬಂಧಿಸಿದ ಮುಂಬಯಿ ಕಾಮಗಾರ್ ಸಭಾ ಪ್ರಕರಣದಲ್ಲಿ, 1976ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪು, ಬೋನಸ್ ಕಾಯ್ದೆಯು ಲಾಭಾಧಾರಿತ ಬೋನಸ್ಸನ್ನು ಮಾತ್ರ ಕುರಿತದ್ದು, ವಾಡಿಕೆಯಿಂದಲೋ ಸೇವೆಯ ಷರತ್ತಿನಿಂದಲೋ ಹುಟ್ಟಿದ ಬೋನಸ್ಸಿಗೆ ಅದು ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿದೆ.

ಬೋನಸ್ಸನ್ನು ಕೊಡದೆ ಹಳೆಯ ಮುಂಗಡಕ್ಕೆ ಜಮಾ ಹಿಡಿದು ‘ಮುಟ್ಟಿದೆ’ ಎಂದು ಬರೆದುಬಿಡುವುದೇ ಇವೆಲ್ಲಕ್ಕಿಂತ ನೋವಿನ ಸಂಗತಿ. ಶಾಸನದ ಬೋನಸ್ಸಿನಲ್ಲಿ ಮುರಿದುಕೊಳ್ಳಲು ಕಾಯ್ದೆ ಅವಕಾಶ ಕೊಟ್ಟಿರುವುದು ಅದೇ ವರ್ಷ ಮೊದಲೇ ಕೊಟ್ಟ ಹಬ್ಬದ ಬೋನಸ್ಸನ್ನೂ ದುರ್ನಡತೆಯಿಂದ ಮಾಲೀಕರಿಗಾದ ನಷ್ಟವನ್ನೂ ಮಾತ್ರ. ಮದುವೆ ಸಾಲ ಆ ಪಟ್ಟಿಯಲ್ಲಿಲ್ಲ. ಮುಂಗಡ ತೀರುವವರೆಗೆ ಬೇರೆ ಮಾಲೀಕರಿಗೆ ನೇಯುವಂತಿಲ್ಲ ಎಂಬ ಕಟ್ಟಳೆಯಿದ್ದರೆ ಅದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಮಾತಾಗುತ್ತದೆ. ಈ ಎಚ್ಚರ ನೇಕಾರರ ಮನೆಗಳಿಗೆ ತಲುಪಲೇಬೇಕು.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯು ಬೋನಸ್ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಬಾಕಿಗಾಗಿ ಅರ್ಜಿ ಹಾಕಲು ಅದು 3 ವರ್ಷ ಕಾಲ ಕೊಡುತ್ತದೆ, ನೌಕರಿಯ ಷರತ್ತುಗಳು ಬಾಯಿಬಿಟ್ಟು ಆಡಿದವಾಗಿರಲಿ ನಡವಳಿಕೆಯಿಂದ ತಿಳಿಯುವಂಥವಾಗಿರಲಿ ಎರಡನ್ನೂ ಒಪ್ಪುತ್ತದೆ. ಬೋನಸ್ಸು ಬಂದಿಲ್ಲವೆಂದು ದುಡಿದವರು ದೂರು ಕೊಟ್ಟರೆ, ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ. ಮೊದಲ ಹೆಜ್ಜೆಯಾಗಿ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು; ಶುದ್ಧ ಕರಾರಿನ ಬಾಕಿಯಾದರೆ ಸಿವಿಲ್ ನ್ಯಾಯಾಲಯದ ಬಾಗಿಲೂ ತೆರೆದಿದೆ, ಅಲ್ಲಿಯೂ ಗಡುವು ಸಾಮಾನ್ಯವಾಗಿ 3 ವರ್ಷ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಸಹಕಾರ ಸಂಘದ ಸದಸ್ಯರಾಗಿ ನೇಯುವವರ ಹಾದಿ ಬೇರೆ. ಸಂಘ ಮತ್ತು ಸದಸ್ಯರ ನಡುವಿನ ವ್ಯಾಜ್ಯವು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೆಯ ಕಲಮಿನಡಿ ಸಹಕಾರ ಇಲಾಖೆಯ ಮುಂದೆ ಹೋಗುತ್ತದೆ.

ಹೊಸ ಸಂಹಿತೆಯಲ್ಲೂ 20 ಜನರ ಎಣಿಕೆ ಹಾಗೆಯೇ ಉಳಿದಿದೆ. ಆದರೆ ಮಗ್ಗದ ಮನೆಯಲ್ಲಿ ಆ ಎಣಿಕೆ ಅಷ್ಟು ಸಲೀಸಲ್ಲ. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಮತ್ತೊಂದು ಬಣ್ಣ ಬರುವ ಕುಟ್ಟು ಅಂಚಿನ ಸೀರೆಗೆ ಮೂರು ಲಾಳಿ ಬೇಕು. ಮಗ್ಗದ ಒಂದು ಬದಿಯಲ್ಲಿ ನೇಕಾರರು ಕೂತರೆ, ಇನ್ನೊಂದು ಬದಿಯ ಅಂಚಿನ ಲಾಳಿಯನ್ನು ಪ್ರತಿ ಎಳೆಗೂ ದಾಟಿಸಲು ಪಕ್ಕದಲ್ಲಿ ಹೆಂಡತಿಯೋ ಮಗಳೋ ಸೊಸೆಯೋ ದಿನವಿಡೀ ಕೂರಬೇಕಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಬರೆದಿರುವುದು ಮಗ್ಗಕ್ಕೊಂದು ಹೆಸರು. ಹನ್ನೆರಡು ಮಗ್ಗ ನಡೆಸುವ ಮಾಲೀಕರ ಬಳಿ ಹನ್ನೆರಡು ಜನ ದುಡಿಯುತ್ತಿದ್ದಾರೋ ಇಪ್ಪತ್ತನಾಲ್ಕು ಜನರೋ ಎಂಬುದು, ಎರಡನೆಯ ಬದಿಯಲ್ಲಿ ಕೂತ ಆ ಹೆಂಗಸರನ್ನು ಎಣಿಸುವವರ ಮೇಲೆ ನಿಂತಿದೆ.