ಕೂದಲು ಕಸಿ: ವಿಧಾನಗಳು ಮತ್ತು ಯೋಜನೆ

ತಲೆ ಬೋಳಾಗುತ್ತಿರುವವರಿಗೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಕನ್ನಡದಲ್ಲಿ ‘ಕೂದಲು ಕಸಿ’ ಎಂದೂ ಮರಾಠಿಯಲ್ಲಿ ‘ಕೇಶರೋಪಣ’ ಎಂದೂ ಕರೆಯುತ್ತಾರೆ. ಒಂದು ಗಿಡದ ಟೊಂಗೆಯನ್ನು ಇನ್ನೊಂದಕ್ಕೆ ಕೂಡಿಸುವುದು ಕಸಿ, ನೆಡುವುದು ರೋಪಣ. ಕ್ರಿಯೆಯ ನಿಜಸ್ವರೂಪಕ್ಕೆ ಎರಡನೆಯ ಪದವೇ ಹೆಚ್ಚು ಸಮೀಪವಾದುದು. ಮಡಿಯಲ್ಲಿ ಬೆಳೆದ ಉಳ್ಳಾಗಡ್ಡಿ ಸಸಿಯನ್ನು ಕಿತ್ತು ಹೊಲದಲ್ಲಿ ಹಚ್ಚುವಂತೆ, ತಲೆಯ ಹಿಂಭಾಗದ ಕೂದಲನ್ನು ಬೇರುಸಹಿತ ತೆಗೆದು ಮುಂಭಾಗದಲ್ಲಿ ನೆಡಲಾಗುತ್ತದೆ. ಹೊಸ ಕೂದಲು ಸೃಷ್ಟಿಯಾಗುವುದಿಲ್ಲ, ಇರುವುದು ಸ್ಥಳ ಬದಲಿಸುತ್ತದೆ. ಸಸಿಮಡಿಯಲ್ಲಿ ಮರುವರ್ಷ ಮತ್ತೆ ಬೀಜ ಹಾಕಬಹುದು. ತಲೆಯ ಹಿಂಭಾಗದಲ್ಲಿ ಅದು ಸಾಧ್ಯವಿಲ್ಲ. ಈ ಚಿಕಿತ್ಸೆಯ ಯೋಜನೆಯೆಲ್ಲವೂ ಈ ಒಂದು ಮಿತಿಯನ್ನು ಅವಲಂಬಿಸಿದೆ.

ಪುರುಷರಲ್ಲಿ ಸಾಮಾನ್ಯವಾಗಿ ಕಾಣುವ ಬೋಳುತನಕ್ಕೆ ಅನುವಂಶೀಯತೆ ಹಾಗೂ ಹಾರ್ಮೋನು ಕಾರಣ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ದೇಹದಲ್ಲಿ ಡೈಹೈಡ್ರೊಟೆಸ್ಟೋಸ್ಟೆರಾನ್ ಆಗಿ ಮಾರ್ಪಡುತ್ತದೆ. ಹಣೆಯ ಮೇಲಿನ ಹಾಗೂ ನೆತ್ತಿಯ ರೋಮಕೂಪಗಳು ಇದಕ್ಕೆ ಸಂವೇದನಾಶೀಲವಾಗಿದ್ದರೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ತೆಳುವಾದ ಮತ್ತು ಗಿಡ್ಡನೆಯ ಕೂದಲನ್ನು ಮಾತ್ರ ಬೆಳೆಸುತ್ತವೆ. ಕಿವಿಗಳ ಮೇಲ್ಭಾಗ ಮತ್ತು ಹಿಂದಲೆಯ ರೋಮಕೂಪಗಳು ಬಹುತೇಕ ಇದರಿಂದ ಪಾರಾಗುತ್ತವೆ. ಆದುದರಿಂದಲೇ ಪೂರ್ಣ ಬೋಳಾದವರಲ್ಲಿಯೂ ಕುದುರೆಲಾಳದ ಆಕಾರದ ಕೂದಲಿನ ಪಟ್ಟಿಯೊಂದು ಉಳಿದಿರುತ್ತದೆ. ಬೋಳುತನದ ಹಂತಗಳನ್ನು ಏಳು ವರ್ಗಗಳಾಗಿ ಗುರುತಿಸುವ ಹ್ಯಾಮಿಲ್ಟನ್–ನಾರ್ವುಡ್ ಮಾಪಕವನ್ನು ವೈದ್ಯರು ಇಂದಿಗೂ ಬಳಸುತ್ತಾರೆ.

ಜಪಾನಿನ ವೈದ್ಯ ಶೋಜಿ ಒಕುಡಾ ಅವರು ಕೂದಲುಳ್ಳ ಚರ್ಮದ ಸಣ್ಣ ತುಣುಕುಗಳನ್ನು ಕೂದಲಿಲ್ಲದ ಜಾಗಕ್ಕೆ ಸ್ಥಳಾಂತರಿಸುವ ವಿಧಾನವನ್ನು 1939ರಲ್ಲಿ ಪ್ರಕಟಿಸಿದರು. ಯುದ್ಧಕಾಲದಲ್ಲಿ ಜಪಾನಿ ಭಾಷೆಯಲ್ಲಿದ್ದ ಆ ಬರಹ ಪಾಶ್ಚಾತ್ಯರ ಗಮನಕ್ಕೆ ಬರಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ಅವರು ಇದೇ ದಾರಿಯನ್ನು ಸ್ವತಂತ್ರವಾಗಿ ಕಂಡುಕೊಂಡು 1959ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಸ್ಥಳಾಂತರಗೊಂಡ ಕೂದಲು ಹೊಸ ಜಾಗದ ಗುಣವನ್ನು ಪಡೆಯದೆ, ತಾನು ಬಂದ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂಬ ತತ್ವವನ್ನು ಸ್ಥಾಪಿಸಿದವರು ಇವರೇ. ಆದರೆ ಅಂದಿನ ತುಣುಕುಗಳು ಸುಮಾರು 4 ಮಿಲಿಮೀಟರ್ ಅಗಲವಿದ್ದುದರಿಂದ ಕೂದಲು ಗೊಂಬೆಯ ತಲೆಯಂತೆ ಕಂತೆಕಂತೆಯಾಗಿ ಕಾಣುತ್ತಿತ್ತು.

ಈ ದೋಷ ನಿವಾರಣೆಯಾದುದು ರೋಮಕೂಪಗಳ ಸಹಜ ರಚನೆಯನ್ನು ಅನುಸರಿಸಿದಾಗ. ತಲೆಯಲ್ಲಿ ಕೂದಲು ಒಂದರಿಂದ ನಾಲ್ಕರವರೆಗಿನ ಸಣ್ಣ ಗುಚ್ಛಗಳಲ್ಲಿ ಬೆಳೆಯುತ್ತದೆ. ವೈದ್ಯರು ‘ಗ್ರಾಫ್ಟ್’ ಎಂದು ಎಣಿಸುವುದು ಇಂದು ಈ ಗುಚ್ಛವನ್ನೇ. ಅದನ್ನು ಪಡೆಯುವ ವಿಧಾನಗಳು ಮುಖ್ಯವಾಗಿ ಎರಡು.

ಮೊದಲನೆಯದು ಪಟ್ಟಿ ವಿಧಾನ, ಅಂದರೆ ಎಫ್‌ಯುಟಿ. ಹಿಂದಲೆಯಿಂದ ಚರ್ಮದ ನೀಳವಾದ ಪಟ್ಟಿಯೊಂದನ್ನು ಕತ್ತರಿಸಿ ತೆಗೆದು, ಗಾಯಕ್ಕೆ ಹೊಲಿಗೆ ಹಾಕಿ, ಪಟ್ಟಿಯನ್ನು ಸೂಕ್ಷ್ಮದರ್ಶಕದಡಿಯಲ್ಲಿ ಗುಚ್ಛಗಳಾಗಿ ಬಿಡಿಸಲಾಗುತ್ತದೆ. ಒಂದೇ ಬಾರಿಗೆ ಹೆಚ್ಚು ಗುಚ್ಛಗಳು ದೊರೆಯುತ್ತವೆ. ಆದರೆ ಗೆರೆಯಂತಹ ಕಲೆ ಉಳಿಯುವುದರಿಂದ ಕೂದಲನ್ನು ತೀರ ಗಿಡ್ಡ ಕತ್ತರಿಸಿಕೊಂಡರೆ ಅದು ಕಾಣುತ್ತದೆ. ಎರಡನೆಯದಾದ ಎಫ್‌ಯುಇ ವಿಧಾನದಲ್ಲಿ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಿರಿದಾದ ಕೊಳವೆಯಾಕಾರದ ಉಪಕರಣದಿಂದ ಗುಚ್ಛಗಳನ್ನು ಬಿಡಿಬಿಡಿಯಾಗಿ ತೆಗೆಯಲಾಗುತ್ತದೆ. ಇಲ್ಲಿ ಹೊಲಿಗೆಯಿಲ್ಲ, ಚುಕ್ಕೆಯಂತಹ ಸಣ್ಣ ಕಲೆಗಳು ಚದುರಿರುತ್ತವೆ. ‘ಕಲೆಯೇ ಇಲ್ಲದ ಚಿಕಿತ್ಸೆ’ ಎಂಬ ಜಾಹೀರಾತಿನ ಮಾತು ಮಾತ್ರ ಸತ್ಯಕ್ಕೆ ದೂರವಾದುದು. ಒಂದೇ ಜಾಗದಿಂದ ಅತಿಯಾಗಿ ತೆಗೆದರೆ ಹಿಂದಲೆಯೂ ತೆಳುವಾಗಿ, ಹುಳು ತಿಂದ ಬಟ್ಟೆಯಂತೆ ಕಾಣುತ್ತದೆ.

ಎರಡರಲ್ಲಿಯೂ ನೆಡುವ ಕ್ರಮ ಒಂದೇ. ಸ್ಥಳೀಯ ಅರಿವಳಿಕೆ ನೀಡಿ, ಮುಂಭಾಗದಲ್ಲಿ ಸೂಕ್ಷ್ಮ ಸೀಳುಗಳನ್ನು ಮಾಡಿ ಗುಚ್ಛಗಳನ್ನು ಅವುಗಳಲ್ಲಿ ಕೂರಿಸಲಾಗುತ್ತದೆ. ಹಣೆಯ ಅಂಚಿನಲ್ಲಿ ಒಂಟಿ ಕೂದಲಿನ ಗುಚ್ಛಗಳು, ಅವುಗಳ ಹಿಂದೆ ಎರಡು–ಮೂರು ಕೂದಲಿನವು. ಅಂಚು ಸ್ಕೇಲಿನಿಂದ ಎಳೆದ ಗೆರೆಯಂತಿರದೆ ತುಸು ಅಂಕುಡೊಂಕಾಗಿರಬೇಕು. ನೆಟ್ಟ ಕೂದಲಿನ ಬಹುಭಾಗ ಕೆಲವೇ ವಾರಗಳಲ್ಲಿ ಉದುರುತ್ತದೆ. ಇದು ವಿಫಲತೆಯ ಲಕ್ಷಣವಲ್ಲ. ಬೇರು ಒಳಗೆ ವಿಶ್ರಾಂತ ಸ್ಥಿತಿಯಲ್ಲಿರುತ್ತದೆ. ಮೂರು–ನಾಲ್ಕು ತಿಂಗಳಲ್ಲಿ ಹೊಸ ಬೆಳವಣಿಗೆ ಆರಂಭವಾಗಿ, ಪೂರ್ಣ ಫಲ ಕಾಣಲು ಸುಮಾರು ಒಂದು ವರ್ಷ ಬೇಕು.

ಯೋಜನೆಯ ಪ್ರಶ್ನೆ ಇರುವುದು ಲೆಕ್ಕದಲ್ಲಿ. ದಟ್ಟ ಕೂದಲಿರುವ ಒಂದು ಚದರ ಸೆಂಟಿಮೀಟರಿನಲ್ಲಿ ಸುಮಾರು 70 ಗುಚ್ಛಗಳಿವೆಯೆಂದೂ, ಬೋಳು ಭಾಗ 200 ಚದರ ಸೆಂಟಿಮೀಟರ್ ಇದೆಯೆಂದೂ ಭಾವಿಸಿದರೆ, ಅದನ್ನು ಮೊದಲಿನಂತೆಯೇ ತುಂಬಲು 14,000 ಗುಚ್ಛಗಳು ಬೇಕಾಗುತ್ತವೆ. ಹಿಂದಲೆಯಿಂದ ಜೀವಮಾನದಲ್ಲಿ ಸುರಕ್ಷಿತವಾಗಿ ತೆಗೆಯಬಹುದಾದುದು ಅಂದಾಜು 6,000 ಎಂದಾದರೆ, ಪಾಲಿಗೆ ಬರುವುದು ಚದರ ಸೆಂಟಿಮೀಟರಿಗೆ 30 ಮಾತ್ರ. ಆದ್ದರಿಂದ ಮೊದಲಿನ ತಲೆಗೂದಲು ಮರಳಿ ಬರುವುದಿಲ್ಲ. ಇರುವುದರಲ್ಲಿ ದಟ್ಟವೆನಿಸುವ ನೋಟ ಮಾತ್ರ ಬರುತ್ತದೆ. ಮುಖಕ್ಕೆ ಚೌಕಟ್ಟಾಗುವ ಮುಂಭಾಗಕ್ಕೆ ಆದ್ಯತೆ ಕೊಟ್ಟು, ನೆತ್ತಿಯನ್ನು ತೆಳುವಾಗಿ ತುಂಬುವುದು ಅಥವಾ ಬಿಡುವುದು ಇದೇ ಕಾರಣಕ್ಕೆ.

ಈ ಲೆಕ್ಕ ಹೆಚ್ಚಾಗಿ ತಪ್ಪುವುದು ಎಳೆಯ ವಯಸ್ಸಿನಲ್ಲಿ. ಇಪ್ಪತ್ತೊಂದರ ತರುಣನೊಬ್ಬ ಹದಿನಾರರ ಹಣೆಯ ಅಂಚನ್ನು ಬಯಸಿ, ಇದ್ದ ಗುಚ್ಛಗಳನ್ನೆಲ್ಲ ಅಲ್ಲಿಯೇ ವ್ಯಯಿಸಿದನೆನ್ನೋಣ. ನೆಟ್ಟ ಕೂದಲು ಉಳಿಯುತ್ತದೆ. ಅದರ ಹಿಂದಿನ ಮೂಲ ಕೂದಲು ಉದುರುತ್ತಲೇ ಹೋಗುತ್ತದೆ. ನಲವತ್ತರ ಹೊತ್ತಿಗೆ ಮುಂದೆ ಒಂದು ಸಾಲು ಕೂದಲು, ನಡುವೆ ಬಯಲು; ತುಂಬಲು ಹಿಂದೆ ಬಂಡವಾಳವಿಲ್ಲ. ಕನ್ಯೆ ನೋಡಲು ಹೋಗುವ ಮೊದಲು ಕೆಲಸ ಮುಗಿಯಲಿ ಎಂಬ ಮನೆಯವರ ಅವಸರ ಈ ಅಪಾಯವನ್ನು ಹೆಚ್ಚಿಸುತ್ತದೆ. ಬೋಳುತನದ ಗತಿ ಸ್ಪಷ್ಟವಾಗುವವರೆಗೆ ಕಾಯುವುದು, ಕುಟುಂಬದ ಹಿರಿಯರ ತಲೆಯನ್ನು ಗಮನಿಸುವುದು, ಹಣೆಯ ಅಂಚನ್ನು ಐವತ್ತರಲ್ಲಿಯೂ ಒಪ್ಪುವಂತೆ ತುಸು ಮೇಲಿಡುವುದು ವಿವೇಕದ ಮಾರ್ಗ. ಉಳಿದ ಕೂದಲನ್ನು ಕಾಪಾಡಲು ಮಿನಾಕ್ಸಿಡಿಲ್ ಮತ್ತು ಫಿನಾಸ್ಟರೈಡ್ ಎಂಬ ಔಷಧಗಳಿವೆ. ಎರಡನೆಯದಕ್ಕೆ ಲೈಂಗಿಕ ಹಾಗೂ ಮಾನಸಿಕ ಅಡ್ಡಪರಿಣಾಮಗಳ ಸಾಧ್ಯತೆಯಿರುವುದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಸ್ತ್ರೀಯರಲ್ಲಿ ಕೂದಲು ತಲೆಯ ತುಂಬ ತೆಳುವಾಗುವುದೇ ಹೆಚ್ಚು. ಹಿಂದಲೆಯೂ ತೆಳುವಾಗಿದ್ದರೆ ಕಸಿಗೆ ಆಧಾರವೇ ಇರುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ಮೊದಲಾದ ಕಾರಣಗಳನ್ನು ಮೊದಲು ಪರೀಕ್ಷಿಸಬೇಕು.

ಕೊನೆಯದಾಗಿ, ಇದು ಸಲೂನಿನ ಸೇವೆಯಲ್ಲ, ಶಸ್ತ್ರಚಿಕಿತ್ಸೆ. ಅರಿವಳಿಕೆಯ ಪ್ರಮಾಣ ಮೀರಿದರೆ ಹೃದಯ ಹಾಗೂ ಮಿದುಳಿಗೆ ಅಪಾಯವಿದೆ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಮಾರ್ಗಸೂಚಿ ನೀಡಿದೆ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಸೀಳುಗಳನ್ನು ಮಾಡುವವರು ವೈದ್ಯರೋ ಸಹಾಯಕರೋ? ಹಿಂದಲೆಯಲ್ಲಿ ಒಟ್ಟು ಎಷ್ಟು ಗುಚ್ಛಗಳು ಲಭ್ಯ? ಈ ಬಾರಿ ತೆಗೆದ ಮೇಲೆ ಮುಂದಿನ ವರ್ಷಗಳಿಗೆ ಎಷ್ಟು ಉಳಿಯುತ್ತವೆ? ಮೂರನೆಯ ಪ್ರಶ್ನೆಗೆ ಉತ್ತರ ಕೊಡಲಾಗದ ಕಡೆ ತಲೆ ಕೊಡದಿರುವುದೇ ಲೇಸು.