ಬಿಸಿಲೂರಿನ ಹವಳ ತೊಟ್ಟಿಗೆ ಎಂಥ ಪಂಪ್ ಬೇಕು?

ಬಸವಕಲ್ಯಾಣದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದರೂ ಕಡಲ ಮೀನಿನ ಮಾತು ಈ ಊರಿಗೆ ಹೊಸದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಗಾಳ ಹಾಕುವ ಆಟದ ಜೊತೆಗೆ ಸಿಹಿನೀರಿನ ಮೀನು, ಕಡಲ ಮೀನುಗಳ ಬಗೆಗಳನ್ನೂ ಅವುಗಳಿಗೆ ಹಾಕಬೇಕಾದ ಮೇವನ್ನೂ ಅಲ್ಲಿ ವಿವರಿಸಿದ್ದಾನೆ. ಅರಸನ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಈಗಿದೆ: ಕಡಲಿನ ಒಂದು ತುಣುಕನ್ನೇ ಗಾಜಿನ ತೊಟ್ಟಿಯಲ್ಲಿಟ್ಟು ಪಡಸಾಲೆಯಲ್ಲಿ ಸಾಕಬಹುದು. ಬಸವಕಲ್ಯಾಣ, ಹುಮನಾಬಾದಿನಂಥ ಬಿಸಿಲೂರಿನಲ್ಲಿ ಅದು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಒಂದು ಪಂಪಿನ ಆಯ್ಕೆಯ ಮೇಲೆ ನಿಂತಿದೆ.

ಹವಳ ತೊಟ್ಟಿಯ ಏರ್ಪಾಡು ಹೀಗಿರುತ್ತದೆ. ಮೇಲಿನ ತೊಟ್ಟಿಯಲ್ಲಿ ಮೀನು, ಹವಳ. ಅದರ ಅಂಚಿನಿಂದ ತುಂಬಿ ಹರಿಯುವ ನೀರು ಕೊಳವೆಯ ಮೂಲಕ ಕೆಳಗಿನ ಸಂಪಿಗೆ ಇಳಿಯುತ್ತದೆ. ಅಲ್ಲಿ ಕಸ ಸೋಸಿ, ನೊರೆಯ ಜೊತೆ ಕೊಳೆ ತೆಗೆದು, ಚೊಕ್ಕವಾದ ನೀರನ್ನು ಮತ್ತೆ ಮೇಲಕ್ಕೆ ತಳ್ಳುವುದೇ ರಿಟರ್ನ್ ಪಂಪ್. ಹಗಲಿರುಳು ನಿಲ್ಲದೆ ಓಡಬೇಕಾದ ಯಂತ್ರ ಅದು. ತೊಟ್ಟಿಯ ನೀರಿನ ನಾಲ್ಕೈದು ಪಟ್ಟು ನೀರು ಗಂಟೆಗೊಮ್ಮೆ ಸಂಪಿನ ಮೂಲಕ ಸುತ್ತಿಬಂದರೆ ಸಾಕು. ಹವಳಕ್ಕೆ ಬೇಕಾದ ಜೋರು ಅಲೆಯನ್ನು ತೊಟ್ಟಿಯೊಳಗೆ ಕೂರಿಸುವ ವೇವ್‌ಮೇಕರ್ ಕೊಡುತ್ತದೆ. ಆ ಕೆಲಸವನ್ನೂ ರಿಟರ್ನ್ ಪಂಪಿನ ತಲೆಗೆ ಕಟ್ಟುವುದು ದಂಡ.

ಪೆಟ್ಟಿಗೆಯ ಮೇಲೆ ‘ಗಂಟೆಗೆ 3000 ಲೀಟರ್’ ಎಂದು ಬರೆದಿರುತ್ತದೆ. ಅದು ನೀರನ್ನು ಒಂದಿಂಚೂ ಏರಿಸದೆ ಇದ್ದಾಗಿನ ಲೆಕ್ಕ. ಬೋರಿಗೆ ಮೋಟಾರು ತರುವ ರೈತ ಅಂಗಡಿಯಲ್ಲಿ ಮೊದಲು ಕೇಳುವುದು ‘ಹೆಡ್ ಎಷ್ಟು?’ ಎಂದು; ಇಲ್ಲಿಯೂ ಅದೇ ಪ್ರಶ್ನೆ ಕೇಳಬೇಕು. ನಾಲ್ಕಡಿ ಉದ್ದದ, 270 ಲೀಟರಿನ ತೊಟ್ಟಿ ಎಂದಿಟ್ಟುಕೊಳ್ಳಿ. ಸಂಪಿನಿಂದ ತೊಟ್ಟಿಯ ಬಾಯಿಗೆ ಒಂದೂವರೆ ಮೀಟರ್ ಎತ್ತರ. ಗರಿಷ್ಠ ಮೂರು ಮೀಟರ್ ಎತ್ತಬಲ್ಲ 3000 ಲೀಟರಿನ ಪಂಪು ಆ ಎತ್ತರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪೈಪಿನ ಪ್ರತಿ ಎಲ್ಬೋ ಮತ್ತಷ್ಟು ತಿನ್ನುತ್ತದೆ. ಉಳಿಯುವುದು ಸಾವಿರದ ಮುನ್ನೂರರ ಆಸುಪಾಸು, ಅಂದರೆ ಈ ತೊಟ್ಟಿಗೆ ಸರಿಯಾಗಿ ಬೇಕಾದಷ್ಟು. ಅಮೆರಿಕದ ಮಾಲಾದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಸಾಮಾನ್ಯ ಎಸಿ ಪಂಪಿನ ಆಯಸ್ಕಾಂತ ಅಲ್ಲಿ ನಿಮಿಷಕ್ಕೆ 3600 ಸುತ್ತು ತಿರುಗಿದರೆ ಇಲ್ಲಿ ತಿರುಗುವುದು 3000. ವೋಲ್ಟೇಜೂ ಬೇರೆ.

‘ಮನೆಯಲ್ಲಿ ಕೂಲರ್ ಪಂಪ್ ಇದೆಯಲ್ಲ, ಅದನ್ನೇ ಹಾಕಿದರಾಯಿತು’ ಎನ್ನುವವರಿದ್ದಾರೆ. ಬೀದರ್ ಸೀಮೆಯ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಕಡಿಮೆ, ಆ ಪಂಪೂ ನೋಡಲು ಇದರ ತಮ್ಮನಂತೆಯೇ ಇರುತ್ತದೆ. ಆದರೆ ಅದರ ಸ್ಕ್ರೂ, ಕಡ್ಡಿ ಲೋಹದ್ದಾಗಿದ್ದರೆ ಉಪ್ಪುನೀರು ಬೇಗ ತಿನ್ನುತ್ತದೆ. ತಾಮ್ರದ ಅಂಶ ಚೂರು ಕರಗಿದರೂ ಹವಳ, ಸೀಗಡಿ, ಶಂಖದ ಹುಳು ಸಾಯುತ್ತವೆ. ನೀರಿಗೆ ತಾಗುವಲ್ಲೆಲ್ಲ ಪ್ಲಾಸ್ಟಿಕ್, ಒಳಗೆ ಸೆರಾಮಿಕ್ ಕಡ್ಡಿ ಇರುವ ಪಂಪನ್ನೇ ಕೊಳ್ಳಬೇಕು.

ನಮ್ಮ ಕಡೆ ನಿಜವಾದ ಶತ್ರು ಬಿಸಿಲು. ಹವಳಕ್ಕೆ 25–26 ಡಿಗ್ರಿ ಹಿತ. ನೀರು 30 ದಾಟಿ ದಿನಗಟ್ಟಲೆ ನಿಂತರೆ ಅದು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರಲ್ಲಿ ಮುಳುಗಿದ ಪಂಪು ಉಣ್ಣುವ ಕರೆಂಟೆಲ್ಲ ಕೊನೆಗೆ ಶಾಖವೇ. 40 ವಾಟಿನ ಪಂಪು ದಿನಕ್ಕೆ ಸುಮಾರು ಒಂದು ಯೂನಿಟ್ ಕುಡಿದು ಅದನ್ನು ತೊಟ್ಟಿಗೇ ಸುರಿಯುತ್ತದೆ. ಅದಕ್ಕೇ ನನ್ನ ಮತ ಡಿಸಿ ಪಂಪಿಗೆ. ಬೆಲೆ ಹೆಚ್ಚು, ನಿಜ. ಆದರೆ ಅದೇ ಕೆಲಸಕ್ಕೆ ಕಡಿಮೆ ವಾಟ್ ಸಾಕು, ವೇಗ ಏರಿಸಿ ಇಳಿಸಬಹುದು, ಕೆಲವನ್ನು ಕರೆಂಟು ಹೋದಾಗ ಬ್ಯಾಟರಿಯ ಮೇಲೆ ನಿಧಾನವಾಗಿ ಓಡಿಸಲೂಬಹುದು. ಎಸಿ ಪಂಪೇ ಇದ್ದರೆ ಸೈನ್ ವೇವ್ ಇನ್ವರ್ಟರ್ ಬೇಕು. ಅಗ್ಗದ ಇನ್ವರ್ಟರಿನಲ್ಲಿ ಅದು ಗುಂಯ್‌ಗುಡುತ್ತ ಕಾಯುತ್ತದೆ.

ಕರೆಂಟು ಹೋದ ಕ್ಷಣ ಇನ್ನೊಂದು ನಡೆಯುತ್ತದೆ. ಮೇಲಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯತೊಡಗುತ್ತದೆ. ಪೈಪಿನ ಬಾಯಿಗೆ ಗಾಳಿ ಸಿಗುವವರೆಗೂ ನಿಲ್ಲದು. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಬಾಯಿ ಐದು ಸೆಂ.ಮೀ. ಮುಳುಗಿದ್ದರೆ ಸಂಪಿಗೆ ಬಂದು ಬೀಳುವುದು 27 ಲೀಟರ್, ಅಂದರೆ ಎರಡು ಕೊಡ ನೀರು. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇಡದಿದ್ದರೆ ಉಪ್ಪುನೀರೆಲ್ಲ ನೆಲಕ್ಕೆ. ಒಮ್ಮುಖ ವಾಲ್ವಿನಲ್ಲಿ ಪಾಚಿ, ಸಣ್ಣ ಶಂಖದ ಹುಳು ಸಿಕ್ಕಿಕೊಳ್ಳುತ್ತವೆ, ಅದನ್ನೇ ನಂಬಿ ಕೂರಲಾಗದು. ನೀರಿನ ಮಟ್ಟಕ್ಕೆ ತುಸು ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆದು, ಪ್ಲಗ್ ಕಿತ್ತು ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಬೇಸಿಗೆಯ ಒಣಗಾಳಿಗೆ ನೀರು ಆವಿಯಾಗುವುದು ಮೊದಲು ಗೊತ್ತಾಗುವುದೂ ಪಂಪಿನ ಕೋಣೆಯಲ್ಲೇ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ತುಂಬಿಸಬೇಕಾದ್ದು ಸಪ್ಪೆ ಆರ್‌ಒ ನೀರು, ಬೋರಿನ ಗಡಸು ನೀರಲ್ಲ.

ಹವಳ ಎಲ್ಲಿಂದ ಬಂತು ಎಂಬುದನ್ನೂ ಕೇಳಲೇಬೇಕು. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ನಮ್ಮ ಕಡಲಲ್ಲೇ ಹವಳವಿದೆ, ಆದರೆ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಿತ್ತು ತಂದದ್ದನ್ನು ಕೊಳ್ಳುವುದು ಅಪರಾಧ. ಕಾಗದಪತ್ರ ತೋರಿಸದ ವ್ಯಾಪಾರಿಯನ್ನು ಬಿಟ್ಟು, ಬರೀ ಕಲ್ಲು, ಕಡಲ ಮೀನು ಇಟ್ಟುಕೊಂಡರೂ ತೊಟ್ಟಿ ಚೆಂದವೇ. ಪಂಪಿನ ಲೆಕ್ಕ ಬದಲಾಗದು.

ಮೂರು ತಿಂಗಳಿಗೊಮ್ಮೆ ಪಂಪು ಬಿಚ್ಚಬೇಕು. ಇಂಪೆಲ್ಲರಿನ ಮೇಲೆ ಸುಣ್ಣದ ಬಿಳಿ ಹೊರಪದರ ಕಟ್ಟಿರುತ್ತದೆ. ನಿಂಬೆಹುಳಿ ಪುಡಿ ಕರಗಿಸಿದ ನೀರಲ್ಲಿ ನೆನೆಹಾಕಿದರೆ ನೊರೆಯೆದ್ದು ಬಿಡುತ್ತದೆ. ಸವೆದ ಇಂಪೆಲ್ಲರ್ ಹುಮನಾಬಾದಿನ ಅಂಗಡಿಯಲ್ಲಿ ಸಿಗುತ್ತದೆಂದು ನಂಬಿಕೊಳ್ಳಬಾರದು. ಹೈದರಾಬಾದಿನಲ್ಲಿ ಬಿಡಿಭಾಗ ಸಿಗುವ ಕಂಪನಿಯದನ್ನೇ ಆರಿಸಿ, ಪಂಪಿನ ಜೊತೆಗೇ ಒಂದು ಇಂಪೆಲ್ಲರ್ ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳಿ.