ಮೇಯರು ಅಳಿಸಿದ ಬಿಳಿಯ ಗೆರೆ

ಊರಿನ ಬೀದಿ ಯಾರದು? ಊರಿನಲ್ಲಿರುವವರೆಲ್ಲರದು ಎಂದು ಯಾರಾದರೂ ಉತ್ತರ ಕೊಟ್ಟಾರು. ಆದರೆ ಐದು ಸಾಲು ಮೋಟಾರುಗಳು ಹರಿಯುವ ಹೆದ್ದಾರಿಯ ಅಂಚಿನಲ್ಲಿ ಮೂರು ಮೊಳ ಅಗಲದ ಜಾಗವನ್ನು ಬೈಸಿಕಲ್ ಸವಾರನಿಗೆ ಬಿಟ್ಟುಕೊಡಿ ಎಂದು ಕೇಳಿದೊಡನೆ ಆ ಉತ್ತರ ಎಷ್ಟು ಬೇಗ ಬದಲಾಗುತ್ತದೆಂಬುದನ್ನು ತಿಳಿಯಬೇಕಾದರೆ, ಕೆನಡಾ ದೇಶದ ಟೊರಾಂಟೊ ನಗರದ ಕಥೆಯನ್ನು ಕೇಳಬೇಕು. ಅಲ್ಲಿ ಒಂದು ಬಿಳಿಯ ಗೆರೆಗಾಗಿ ನಡೆದ ಹೋರಾಟ ಮೊದಲು ನಗರಸಭೆಯಲ್ಲಿ, ಆಮೇಲೆ ಬೀದಿಯಲ್ಲಿ, ಕೊನೆಗೆ ನ್ಯಾಯಾಲಯದಲ್ಲಿ, ಹೀಗೆ ಹದಿನೈದು ವರ್ಷಗಳ ಕಾಲ ನಡೆಯಿತು.

ಟೊರಾಂಟೊ ಬೈಸಿಕಲ್ಲಿಗೆ ಸುಲಭವಾದ ಊರಲ್ಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ನಡುಪೇಟೆಯ ಅನೇಕ ಬೀದಿಗಳಲ್ಲಿ ಟ್ರಾಮ್ ಗಾಡಿಗಳ ಕಂಬಿಗಳಿವೆ; ಎಚ್ಚರ ತಪ್ಪಿದರೆ ಸೈಕಲ್ಲಿನ ಸಪೂರವಾದ ಚಕ್ರ ಕಂಬಿಯ ಸಂದಿನಲ್ಲಿ ಸಿಕ್ಕಿ ಸವಾರನನ್ನು ಕೆಡವುತ್ತದೆ. ಕಂಬಿಯಿಂದ ದೂರ ಸರಿದರೆ ಪಕ್ಕದಲ್ಲಿ ನಿಂತ ಕಾರುಗಳ ಸಾಲು. ಒಳಗೆ ಕುಳಿತವರು ಹಿಂದೆ ನೋಡದೆ ಬಾಗಿಲು ತೆರೆದರೆ ಅದೂ ಅಪಾಯವೇ. ಆದುದರಿಂದ ಅಲ್ಲಿಯ ಸವಾರರು ಬಯಸಿದ್ದು ವಿಹಾರಕ್ಕೆ ಒಂದು ಸೊಗಸಾದ ದಾರಿಯನ್ನಲ್ಲ. ಕೆಲಸಕ್ಕೆ ಹೋಗಿ ಸಂಜೆ ಕ್ಷೇಮವಾಗಿ ಮನೆ ಸೇರುವುದಕ್ಕೆ ತಮ್ಮದೆಂಬ ಒಂದು ಪಥವನ್ನು.

ಮೇಯರಾಗಿ ಬಂದ ರಾಬ್ ಫೋರ್ಡ್

2000ನೆಯ ಇಸವಿಯಿಂದ ನಗರಸಭೆಯ ಸದಸ್ಯರಾಗಿದ್ದ ರಾಬ್ ಫೋರ್ಡ್ ಅವರು ಬೈಸಿಕಲ್ಲಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಎಂದೂ ಮುಚ್ಚಿಟ್ಟವರಲ್ಲ. ರಸ್ತೆಗಳಿರುವುದು ಬಸ್ಸು, ಕಾರು, ಲಾರಿಗಳಿಗಾಗಿ, ಸೈಕಲ್ಲಿನವರಿಗಾಗಿ ಅಲ್ಲ ಎಂದು ಅವರು 2007ರಲ್ಲಿ ಸಭೆಯಲ್ಲಿಯೇ ಹೇಳಿದರು. ಸವಾರರು ಸತ್ತ ಸುದ್ದಿ ಕೇಳಿದರೆ ತಮಗೆ ಮರುಕವಾಗುತ್ತದೆ, ಆದರೂ ತಪ್ಪು ಅವರದೇ ಎಂದರು. ಷಾರ್ಕ್ ಮೀನುಗಳ ನಡುವೆ ಈಜುವವನಿಗೆ ಇಂದಲ್ಲ ನಾಳೆ ಕಡಿತ ತಪ್ಪದು ಎಂಬ ಹೋಲಿಕೆಯನ್ನೂ ಕೊಟ್ಟರು.

ಈ ಮಾತನ್ನಾಡಿದವರೇ 2010ರ ಅಕ್ಟೋಬರ್ ಚುನಾವಣೆಯಲ್ಲಿ ಗೆದ್ದು ಮೇಯರಾದರು. ಕಾರಿನ ಮೇಲೆ ನಡೆಯುತ್ತಿದ್ದ ಯುದ್ಧ ಇನ್ನು ಮುಗಿಯಿತೆಂಬುದು ಅವರ ಮೊದಲ ಘೋಷಣೆಗಳಲ್ಲೊಂದು. ಡಿಸೆಂಬರಿನಲ್ಲಿ ಹೊಸ ಸಭೆ ಸೇರಿದಾಗ ಅತಿಥಿಯಾಗಿ ಬಂದವರು ಹಾಕಿ ಆಟದ ಪ್ರಸಿದ್ಧ ವ್ಯಾಖ್ಯಾನಕಾರ ಡಾನ್ ಚೆರಿ. ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಕೋಟು ತೊಟ್ಟು ಬಂದ ಅವರು, ಬೈಸಿಕಲ್ ತುಳಿಯುವವರನ್ನು ಎಡಪಂಥೀಯರೆಂಬ ಅರ್ಥದ 'ಪಿಂಕೋ'ಗಳೆಂದು ಹಂಗಿಸಿದರು. ಸವಾರರು ಆ ಬೈಗುಳವನ್ನೇ ಬಿಲ್ಲೆಗಳಲ್ಲಿ ಅಚ್ಚುಹಾಕಿಸಿ ಅಂಗಿಗೆ ಸಿಕ್ಕಿಸಿಕೊಂಡು ತಿರುಗಿದರು. ನಗೆಯ ಸಂಗತಿಯೇ ಹೌದು. ಆದರೆ ಆ ನಗೆಯ ಹಿಂದೆ ಕಳವಳವೂ ಇದ್ದಿತು.

ಜನ ಏಕೆ ಮತ ಕೊಟ್ಟರು?

ಇಂತಹವರಿಗೆ ಜನ ಏಕೆ ಮತ ಕೊಟ್ಟರೆಂದು ಓದುಗರು ಕೇಳಬಹುದು. 1998ರ ಜನವರಿಯಲ್ಲಿ ಹಳೆಯ ಟೊರಾಂಟೊ ನಗರವನ್ನೂ ಸುತ್ತಲಿನ ಐದು ಊರುಗಳನ್ನೂ ಪ್ರಾಂತ್ಯ ಸರ್ಕಾರ ಒಂದೇ ಆಡಳಿತಕ್ಕೆ ಸೇರಿಸಿತು. ನಡುಪೇಟೆಯಲ್ಲಿ ಮನೆ, ಕಚೇರಿ, ಅಂಗಡಿ ಎಲ್ಲವೂ ಹತ್ತಿರ. ಎಟೊಬಿಕೊ, ಸ್ಕಾರ್ಬರೊ ಮೊದಲಾದ ಹೊರವಲಯಗಳಲ್ಲಾದರೋ ದಾರಿಗಳು ಉದ್ದ, ಸುರಂಗ ರೈಲು ದೂರ, ಬಸ್ಸಿಗೆ ಕಾಯಬೇಕು. ಅಲ್ಲಿಯ ಸಂಸಾರಸ್ಥನಿಗೆ ಕಾರು ಭೋಗದ ವಸ್ತುವಲ್ಲ, ಜೀವನೋಪಾಯಕ್ಕೆ ಬೇಕಾದ ಸಾಧನ. ನಡುಪೇಟೆಯವರು ತಮ್ಮ ರಸ್ತೆಯನ್ನು ಕಿರಿದು ಮಾಡುತ್ತಿದ್ದಾರೆಂದು ಅವನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಎಟೊಬಿಕೊದವರೇ ಆದ ಫೋರ್ಡ್ ಅವರು ಇಂತಹ ಜನರ ದೂರವಾಣಿ ಕರೆಗಳಿಗೆ ತಾವೇ ಉತ್ತರ ಕೊಡುವವರೆಂದು ಹೆಸರಾಗಿದ್ದರು. ಅವರ ಗೆಲುವಿಗೆ ಕಾರಣ ಕೇವಲ ಸೈಕಲ್ ದ್ವೇಷವಲ್ಲ. ನಮ್ಮ ಮಾತನ್ನು ಕೇಳುವವನೊಬ್ಬನಿದ್ದಾನೆಂಬ ನಂಬಿಕೆ.

ಜಾರ್ವಿಸ್ ಬೀದಿಯ ಐದನೆಯ ಸಾಲು

ನಡುಪೇಟೆಯ ಜಾರ್ವಿಸ್ ಬೀದಿಯಲ್ಲಿ ಐದು ಸಾಲುಗಳಿದ್ದವು. ನಡುವಿನ ಸಾಲು ವಿಚಿತ್ರವಾದುದು: ಮೇಲೆ ತೂಗುಹಾಕಿದ ದೀಪಗಳ ಸೂಚನೆಯಂತೆ ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ ಅದರಲ್ಲಿ ವಾಹನಗಳು ಹೋಗುತ್ತಿದ್ದವು. 2009ರಲ್ಲಿ ಅಂದಿನ ನಗರಸಭೆ ಈ ಸಾಲನ್ನು ತೆಗೆದುಹಾಕಲು ನಿರ್ಧರಿಸಿತು; 2010ರ ಬೇಸಿಗೆಯಲ್ಲಿ ಬೀದಿಯ ಎರಡೂ ಅಂಚಿನಲ್ಲಿ ಬಿಳಿಯ ಗೆರೆ ಎಳೆದು ಸೈಕಲ್ ಪಥಗಳಾದವು. ನಗರದ ಅಧಿಕಾರಿಗಳು ಲೆಕ್ಕ ಹಾಕಿ ನೋಡಿದಾಗ ಆ ಬೀದಿಯ ಬೈಸಿಕಲ್ಲುಗಳ ಸಂಖ್ಯೆ ಸುಮಾರು ಮೂರು ಪಟ್ಟಾಗಿತ್ತು. ಸಂದಣಿಯ ವೇಳೆಯಲ್ಲಿ ಕಾರುಗಳಿಗೆ ಕೆಲವೇ ನಿಮಿಷಗಳ ವಿಳಂಬವಾಗಿತ್ತು.

ಆದರೆ ಗೆರೆ ಒಣಗಿ ಒಂದು ವರ್ಷ ತುಂಬುವಷ್ಟರಲ್ಲಿ, 2011ರ ಜುಲೈನಲ್ಲಿ, ಹೊಸ ಸಭೆ ಅದನ್ನು ಅಳಿಸಬೇಕೆಂದು ತೀರ್ಮಾನಿಸಿತು. ಸ್ಕಾರ್ಬರೊ ಭಾಗದ ಬರ್ಚ್‌ಮೌಂಟ್ ಮತ್ತು ಫಾರ್ಮಸಿ ರಸ್ತೆಗಳ ಪಥಗಳಿಗೂ ಅದೇ ಗತಿಯಾಯಿತು. ಪೋಲು ಖರ್ಚನ್ನು ನಿಲ್ಲಿಸುತ್ತೇನೆಂದು ಗೆದ್ದು ಬಂದವರ ಆಡಳಿತದಲ್ಲಿ, ಜಾರ್ವಿಸ್ ಪಥಗಳನ್ನು ಹಾಕಿದ್ದಕ್ಕಿಂತ ಅಳಿಸುವುದಕ್ಕೇ ಹೆಚ್ಚು ಹಣ ಬೇಕಾಯಿತು. ನಡುಸಾಲಿನ ದೀಪಗಳನ್ನು ಮತ್ತೆ ಕಟ್ಟಬೇಕಾಗಿತ್ತಷ್ಟೆ.

2012ರ ನವೆಂಬರಿನಲ್ಲಿ ಗೆರೆ ಕೆರೆಯುವ ಯಂತ್ರ ಬೀದಿಗಿಳಿದಾಗ ಸವಾರರು ಅದರ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು. ಕೆಲಸ ಆ ಮಟ್ಟಿಗೆ ನಿಂತಿತು. ಡಿಸೆಂಬರಿನಲ್ಲಿ ಮತ್ತೆ ಮೊದಲಾಗಿ ಮುಗಿಯಿತು. ಜಾರ್ವಿಸಿನ ಪೂರ್ವಕ್ಕಿರುವ ಷೆರ್ಬೋರ್ನ್ ಬೀದಿಯಲ್ಲಿ ಬೇರೆ ಪಥವನ್ನು ಕೊಟ್ಟಿದ್ದೇವಲ್ಲ ಎಂಬುದು ಮೇಯರ ಪಕ್ಷದವರ ಸಮಾಧಾನ. ಅದು ಸುಳ್ಳಲ್ಲ. ಅಂಚು ಕಟ್ಟಿ ಮೋಟಾರುಗಳಿಂದ ಬೇರ್ಪಡಿಸಿದ ಆ ಪಥ ಬರಿಯ ಬಣ್ಣದ ಗೆರೆಗಿಂತ ಕ್ಷೇಮಕರವಾದುದು. ಆದರೆ ಒಂದನ್ನು ಕೊಡುವಾಗ ಇನ್ನೊಂದನ್ನು ಕಿತ್ತುಕೊಳ್ಳಬೇಕೆ ಎಂಬ ಸವಾರರ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ.

ಅವರನ್ನು ನಿಜವಾಗಿ ನೋಯಿಸಿದ್ದು ಮೇಯರ ಒರಟು ಮಾತಲ್ಲ. ಒಂದು ಸಭೆ ಕೊಟ್ಟ ಕ್ಷೇಮವನ್ನು ಮುಂದಿನ ಸಭೆ ಲೆಕ್ಕಪತ್ರಗಳನ್ನು ಬದಿಗೆ ಸರಿಸಿ ಹಿಂತೆಗೆದುಕೊಳ್ಳಬಹುದಾದರೆ, ಆ ಗೆರೆಯನ್ನು ನಂಬಿ ಮಗುವನ್ನು ಸೈಕಲ್ಲಿನಲ್ಲಿ ಶಾಲೆಗೆ ಕಳುಹಿಸುವುದು ಹೇಗೆ?

ಬ್ಲೂರ್ ಬೀದಿಯ ಪರೀಕ್ಷೆ

ಈ ಸೋಲಿನಿಂದ ಅವರು ಒಂದು ಪಾಠ ಕಲಿತರು: ಕೂಗಿಗಿಂತ ಎಣಿಕೆ ದೊಡ್ಡದು. ಫೋರ್ಡ್ ಅವರ ಅವಧಿ 2014ರಲ್ಲಿ ಮುಗಿಯಿತು. ಕ್ಯಾನ್ಸರ್ ರೋಗದಿಂದ ಅವರು 2016ರ ಮಾರ್ಚಿನಲ್ಲಿ ತೀರಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಬ್ಲೂರ್ ಎಂಬ ಹೆಸರಾದ ವ್ಯಾಪಾರದ ಬೀದಿಯಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದಕ್ಕೆ ಪ್ರಾಯೋಗಿಕವಾಗಿ ಪಥ ಹಾಕಲಾಯಿತು. ಕಾರು ನಿಲ್ಲಿಸುವ ಜಾಗ ಕಡಮೆಯಾದರೆ ಗಿರಾಕಿಗಳು ಬಾರರೆಂದು ಕೆಲವು ಅಂಗಡಿಕಾರರು ಹೆದರಿದರು. ಈ ಸಲ ಎಲ್ಲವನ್ನೂ ಅಳೆದರು: ಎಷ್ಟು ಬೈಸಿಕಲ್ಲು, ಕಾರಿಗೆ ಎಷ್ಟು ನಿಮಿಷ ತಡ, ಅಂಗಡಿಯಲ್ಲಿ ಎಷ್ಟು ವ್ಯಾಪಾರ. ಸವಾರರ ಸಂಖ್ಯೆ ಹೆಚ್ಚುಕಡಮೆ ಅರ್ಧದಷ್ಟು ಏರಿತ್ತು. ಗಿರಾಕಿಗಳೂ ಅವರು ಮಾಡುವ ಖರ್ಚೂ ಹೆಚ್ಚಿದ್ದವು. 2017ರ ನವೆಂಬರಿನಲ್ಲಿ ನಗರಸಭೆ 36–6 ಮತಗಳಿಂದ ಆ ಪಥವನ್ನು ಖಾಯಂ ಮಾಡಿತು.

ಅಣ್ಣನ ಕಾನೂನು, ನ್ಯಾಯಾಲಯದ ತೀರ್ಪು

ಕಥೆ ಇಲ್ಲಿಗೆ ಮುಗಿಯಲಿಲ್ಲ. ರಾಬ್ ಅವರ ಅಣ್ಣ ಡಗ್ ಫೋರ್ಡ್ 2018ರಲ್ಲಿ ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್, ಎಂದರೆ ನಮ್ಮ ಮುಖ್ಯಮಂತ್ರಿಗೆ ಸಮಾನರಾದ ಅಧಿಕಾರಿ, ಆದರು. ಬ್ಲೂರ್ ಪಥ ಪಶ್ಚಿಮಕ್ಕೆ ಬೆಳೆಯುತ್ತ ಎಟೊಬಿಕೊದವರೆಗೆ ಬಂದಾಗ ಹಳೆಯ ಅಸಮಾಧಾನ ಮತ್ತೆ ಹೊಗೆಯಾಡಿತು. 2024ರ ನವೆಂಬರಿನಲ್ಲಿ ಪ್ರಾಂತ್ಯ ಸರ್ಕಾರ ಕಾನೂನನ್ನೇ ಮಾಡಿ, ಬ್ಲೂರ್, ಯಂಗ್, ಯೂನಿವರ್ಸಿಟಿ ಎಂಬ ಮೂರು ಮುಖ್ಯ ಬೀದಿಗಳ ಪಥಗಳನ್ನು ತೆಗೆಯುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಸಂದಣಿ ಕಡಮೆಯಾಗುತ್ತದೆಂಬುದು ಅದಕ್ಕೆ ಕೊಟ್ಟ ಕಾರಣ.

ಸವಾರರ ಸಂಘವಾದ 'ಸೈಕಲ್ ಟೊರಾಂಟೊ', ಇಬ್ಬರು ಸವಾರರೊಡನೆ, ನ್ಯಾಯಾಲಯದ ಬಾಗಿಲು ತಟ್ಟಿತು. ಆ ಇಬ್ಬರಲ್ಲಿ ಒಬ್ಬರು ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಇನ್ನೊಬ್ಬರು ಸೈಕಲ್ಲಿನ ಮೇಲೆಯೇ ಸಾಮಾನು ತಲಪಿಸಿ ಜೀವಿಸುವವರು. 2025ರ ಜುಲೈ 30ರಂದು ನ್ಯಾಯಾಧೀಶ ಪಾಲ್ ಷಾಬಸ್ ಅವರು ತೀರ್ಪಿತ್ತರು. ಸೈಕಲ್ ಪಥ ಬೇಕೆಂದು ಕೇಳುವ ಹಕ್ಕು ಸಂವಿಧಾನದಲ್ಲಿದೆಯೆಂದು ಅವರು ಹೇಳಲಿಲ್ಲ. ಆದರೆ ಇರುವ ಪಥವನ್ನು ತೆಗೆದರೆ ಜನ ಗಾಯಗೊಳ್ಳುವರು, ಸಾಯುವರು ಎಂದು ತಿಳಿದಿದ್ದೂ, ಅದರಿಂದ ಸಂದಣಿ ಇಳಿಯುವುದೆಂಬುದಕ್ಕೆ ಆಧಾರವಿಲ್ಲದಿದ್ದರೂ ತೆಗೆಯಹೊರಡುವುದು, ಜೀವಕ್ಕೂ ದೇಹದ ಕ್ಷೇಮಕ್ಕೂ ಸಂವಿಧಾನ ಕೊಟ್ಟಿರುವ ರಕ್ಷಣೆಗೆ ವಿರುದ್ಧವಾದುದೆಂದರು. ಸರ್ಕಾರ ಮೇಲ್ಮನವಿ ಸಲ್ಲಿಸುವುದಾಗಿ ಹೇಳಿತು.

ಜಾರ್ವಿಸ್ ಬೀದಿಯಲ್ಲಿ ಯಂತ್ರದ ಮುಂದೆ ಕುಳಿತವರಿಗೆ ಅಂದು ಇಂತಹ ಆಸರೆ ಇರಲಿಲ್ಲ. ಹದಿಮೂರು ವರ್ಷಗಳ ತರುವಾಯ ಸವಾರರ ಕೈಯಲ್ಲಿ ಅಳತೆಯ ಅಂಕಿಗಳಿದ್ದವು, ವೈದ್ಯರ ಮತ್ತು ರಸ್ತೆ ತಜ್ಞರ ಸಾಕ್ಷ್ಯವಿತ್ತು. ಬೀದಿಯಲ್ಲಿ ಎಲ್ಲರಿಗೂ ಪಾಲಿದೆಯೆಂಬುದು ಯಾವ ಊರಿನಲ್ಲಾದರೂ ಹೇಳುವುದಕ್ಕೆ ಸುಲಭ. ಆ ಪಾಲು ಗದ್ದುಗೆಯಲ್ಲಿರುವವರ ಇಷ್ಟಾನಿಷ್ಟಗಳ ಮೇಲೆ ನಿಂತಿರುವವರೆಗೆ ಅದು ದಾನವಷ್ಟೆ. ಕೊಟ್ಟವರೋ, ಅವರ ತರುವಾಯ ಬಂದವರೋ, ಹಿಂದಕ್ಕೆ ಕೇಳಬಹುದು. ಅದನ್ನು ದಾನದ ಮಟ್ಟದಿಂದ ಮೇಲಕ್ಕೆತ್ತಲು ಟೊರಾಂಟೊದ ಸವಾರರು ಹಿಡಿದ ದಾರಿ ಬಹಳ ನಿಧಾನದ್ದು. ಅವರು ಎಣಿಸಿದರು, ಬರೆದಿಟ್ಟರು, ಕಾದರು. ಕಾಯುವಾಗಲೂ ಹಿಮದಲ್ಲಿ, ಬಿಸಿಲಿನಲ್ಲಿ, ಟ್ರಾಮ್ ಕಂಬಿಗಳ ನಡುವೆ ದಿನದಿನದ ಕೆಲಸಕ್ಕೆ ಬೈಸಿಕಲ್ ತುಳಿಯುತ್ತಲೇ ಇದ್ದರು.